ಎರಡು ದಿನದ ರಕ್ತ

ಪರದೆಯ ಮೇಲೆ ‘ಕ್ಯಾನ್ಸರ್ ಇದೆ’ ಎಂದು ಮೂಡಿದ್ದನ್ನು ಕಂಡು ಲ್ಯಾಬಿನ ಟೆಕ್ನಿಷಿಯನ್‌ ಹೆಂಗಸಿಗೆ ನಗು ಉಕ್ಕಿತು. ರಕ್ತ ಅವಳದೇ. ಮೊನ್ನೆ ತೆಗೆದು, ಬೇಕೆಂದೇ ಮೇಜಿನ ಮೇಲೆ ಬಿಟ್ಟಿದ್ದಳು. ಈ ಬೆಳಿಗ್ಗೆ ಅದೇ ತೋಳಿನಿಂದ ತೆಗೆದದ್ದಕ್ಕೆ ಯಂತ್ರ ‘ಏನೂ ಇಲ್ಲ’ ಎಂದಿತ್ತು.

ಜೀವಕೋಶಗಳು ರಕ್ತಕ್ಕೆ ಉದುರಿಸುವ, ಕಣ್ಣಿಗೆ ಕಾಣದ ಪುಟ್ಟ ಚೀಲಗಳನ್ನು ಬೇರ್ಪಡಿಸಿ ನೋಡಿದರೆ ಕ್ಯಾನ್ಸರ್ ತಿಳಿಯುತ್ತದೆ ಎಂಬುದೇ ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರರ ಪರೀಕ್ಷೆಯ ತಳಹದಿ. ಹತ್ತು ವರ್ಷದಿಂದ ಟ್ಯೂಬು ಮುಟ್ಟದ ಮಹಾಶಯರು! ರೋಗಿಗಳ ರಕ್ತ ಆಸ್ಪತ್ರೆಯಿಂದ ಬರುವಾಗ ಎರಡು ದಿನ ಕಳೆದಿರುತ್ತಿತ್ತು. ಆರೋಗ್ಯವಂತರದನ್ನು ಇಲ್ಲೇ ತೆಗೆದು ಆಗಿಂದಾಗಲೇ ಯಂತ್ರಕ್ಕೆ ಹಾಕುತ್ತಿದ್ದರು. ಇಟ್ಟ ರಕ್ತದ ಕೋಶಗಳು ತಾವೇ ಒಡೆದು ಚೀಲ ಉದುರಿಸುತ್ತವೆ, ಯಂತ್ರ ಅದನ್ನೇ ಕ್ಯಾನ್ಸರ್ ಎನ್ನುತ್ತದೆ ಎಂದು ಆ ದೊಡ್ಡ ತಲೆಗೆ ಹೊಳೆದಿರಲಿಲ್ಲ.

ಪ್ರೊಫೆಸರರು ತಮ್ಮ ಕೋಣೆಯಲ್ಲಿ ಈ ಪರೀಕ್ಷೆಯ ಬಗ್ಗೆ ನಾಳೆ ಮಾಡಬೇಕಾದ ಭಾಷಣ ಉರುಹೊಡೆಯುತ್ತಿದ್ದರು.

“ಸರ್, ನಮ್ಮ ಯಂತ್ರ ಕಂಡುಹಿಡಿಯೋದು ಕ್ಯಾನ್ಸರ್ ಅಲ್ಲ, ಹಳಸಿದ ರಕ್ತ,” ಎಂದು ಅವಳು ಎಲ್ಲ ಹೇಳಿದಳು.

“ನಿನಗೇ ಕ್ಯಾನ್ಸರ್ ಇರಬಾರದು ಅಂತೇನಿಲ್ಲವಲ್ಲಮ್ಮ?” ಅವರು ಟೈ ಸರಿಮಾಡಿಕೊಂಡರು.

“ಮೊನ್ನೆ ಇತ್ತು ಸರ್. ಇವತ್ತು ವಾಸಿ ಆಗಿದೆ.”

“ತಲೆಹರಟೆ ಬೇಡ. ಹೋಗಿ ಕೆಲಸ ನೋಡು.”

ಥೂ ನಿನ್ನ, ಎಂದುಕೊಳ್ಳುತ್ತ ಹೊರಬಂದವಳು ಬಾಗಿಲ ಬಳಿಯೇ ನಿಂತುಬಿಟ್ಟಳು. ಇವರ ಬಂಡವಾಳ ಬಯಲು ಮಾಡುವ ಹುಮ್ಮಸ್ಸಿನಲ್ಲಿ ಅಕ್ಕನ ವಿಷಯವನ್ನೇ ಮರೆತುಬಿಟ್ಟಿದ್ದಳು. ಎದೆಯ ಗಂಟಿಗೆ ಡಾಕ್ಟರು ಸೂಜಿ ಚುಚ್ಚಿ ಚೂರು ತೆಗೆದು ನೋಡುವ ಪರೀಕ್ಷೆ ಬರೆದುಕೊಟ್ಟಾಗ ಹೆದರಿದ ಅಕ್ಕನನ್ನು ಎರಡು ತಿಂಗಳ ಹಿಂದೆ ಇಲ್ಲಿಗೆ ಕರೆತಂದವಳು ಅವಳೇ. ರಕ್ತ ತೆಗೆದು ಹತ್ತೇ ನಿಮಿಷದಲ್ಲಿ ಯಂತ್ರಕ್ಕೆ ಹಾಕಿದ್ದಳು. ‘ಏನೂ ಇಲ್ಲ, ಸೂಜಿಗೀಜಿ ಎಲ್ಲಾ ಹಳೇ ಕಾಲದ್ದು’ ಎಂದು ಜಂಬ ಕೊಚ್ಚಿದ್ದಳು. ಹೊಸ ರಕ್ತಕ್ಕೆ ಆ ಯಂತ್ರ ಬೇರೇನು ತಾನೇ ಹೇಳೀತು? ಪ್ರೊಫೆಸರರಿಗಿಂತ ತಾನೇನು ಕಮ್ಮಿ ಎನ್ನಿಸಿ ತನ್ನ ಮೇಲೆಯೇ ಹೇಸಿಗೆಯಾಯಿತು.

ಫೋನು ಮಾಡಿದಳು.

“ಅಕ್ಕಾ, ನಾಳೆ ಸೂಜಿ ಪರೀಕ್ಷೆ ಮಾಡಿಸಿಬಿಡೋಣ.”

“ಮತ್ಯಾಕೆ? ನೀನೇ ತಾನೆ ಏನಿಲ್ಲ ಅಂದಿದ್ದು?”

“ಅಂದಿದ್ದೆ. ತಪ್ಪಾಗಿತ್ತು. ನಮ್ಮ ಪರೀಕ್ಷೇನೇ ಸುಳ್ಳು.”



“ಆ ಗಂಟು ಬೆಳೆದ ಹಾಗಿದೆ ಕಣೇ. ನಿನಗೆ ಹೇಳೋಣ ಅಂದ್ಕೊಂಡೆ. ನಗ್ತೀಯ ಅಂತ ಸುಮ್ಮನಾದೆ.”

“ಎಷ್ಟು ದೊಡ್ಡದಾಗಿದೆ?”

ಅಕ್ಕ ಮುಟ್ಟಿ ನೋಡಿಕೊಳ್ಳುತ್ತಿರಬೇಕು. ಬಳೆಗಳ ಸಣ್ಣ ಸದ್ದಷ್ಟೇ ಕೇಳುತ್ತಿತ್ತು.