ಅಲ್ಲಾಡದ ಗೋಡೆ

ನಲವತ್ತೊಂದನೇ ವಯಸ್ಸಿನಲ್ಲಿ ನನ್ನ ತಂಗಿಗೆ ಮದುವೆಯ ಯೋಚನೆ ಬಂತು. ಬರಲಿ, ಬೇಡ ಎನ್ನಲು ನಾನ್ಯಾರು ಎಂದು ಬಾಯಲ್ಲಿ ಹೇಳಿದೆ. ಹೊಟ್ಟೆಯೊಳಗೆ ಬೇರೆಯೇ ಇತ್ತು. ಹತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಒಂದೇ ಅಂಗಡಿಯಲ್ಲಿ ಎದುರುಬದುರು ಮಷೀನು ಹಾಕಿಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತೇವೆ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಮ್ಮ ವಾಸ. ಬಟ್ಟೆ ಕತ್ತರಿಸುವುದು ನಾನು, ಕಾಜಾ ಗುಂಡಿ ಅವಳದು, ಜಗಳ ಇಬ್ಬರದೂ. ಅವಳು ಎದ್ದು ಹೋದರೆ ಎದುರಿನ ಖಾಲಿ ಕುರ್ಚಿಗೆ ಬೈದುಕೊಂಡು ಕೂರುವುದೇ?

ವರ ಎಂದರೆ ಪಕ್ಕದ ಬೀದಿಯ ಗಡಿಯಾರ ರಿಪೇರಿಯವನು. ಐವತ್ತು ದಾಟಿದವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಡೀ ದಿನ ತಲೆ ಬಗ್ಗಿಸಿ ಕೂರುತ್ತಾನೆ. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾನೊಂದು ಕಾಲರ್ ಹೊಲಿದು ಮುಗಿಸಬಹುದು. ಅವನಿಗೆ ನಾನು 'ಸೆಲ್ ಮುಗಿದವನು' ಎಂದು ಹೆಸರಿಟ್ಟಿದ್ದೆ. ಆ ಹೆಸರು ಕೇಳಿದಾಗೆಲ್ಲ ತಂಗಿ ಮುಖ ಊದಿಸುತ್ತಿದ್ದಳು, ಅದಕ್ಕೇ ಇನ್ನೂ ಎರಡು ಸಲ ಹೇಳುತ್ತಿದ್ದೆ.

ಕೊನೆಗೊಂದು ದಿನ ಅವಳು ಮಷೀನು ನಿಲ್ಲಿಸಿ ನೇರವಾಗಿ ಹೇಳಿದಳು. "ಅಕ್ಕ, ನೀನು ಹೂಂ ಅಂದ್ರೆ ಆಗ್ತೀನಿ, ಉಹೂಂ ಅಂದ್ರೆ ಇಲ್ಲ. ಆದ್ರೆ ಮನುಷ್ಯನ್ನ ನೋಡಿ ಹೇಳು. ಎರಡು ದಿನ ಕೆರೆ ಹತ್ರ ಟೆಂಟ್ ಹಾಕ್ಕೊಂಡು ಇರೋಣ, ಮೂರೂ ಜನ. ನಾವಿಬ್ರೂ ಟೆಂಟಲ್ಲಿ, ಅವರು ಕಾರಲ್ಲಿ ಮಲಗ್ತಾರೆ. ಸೂರಿನ ಕೆಳಗೆ ಎಲ್ಲರೂ ಒಳ್ಳೆಯವರೇ. ಬಯಲಲ್ಲಿ ನೋಡು."

ಆಗಲಿ ಎಂದೆ. ಉಹೂಂ ಎನ್ನುವುದನ್ನು ಹೊರಡುವ ಮೊದಲೇ ಗಂಟು ಕಟ್ಟಿ ಇಟ್ಟುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಟೆಂಟು ಕೊಂಡು ತರುವ ಮಾತೇ ಇರಲಿಲ್ಲ. ಹೊಲಿಯುವವರ ಮನೆಗೆ ಹೊಲಿದದ್ದು ತರುವುದುಂಟೇ? ಮಕ್ಕಳ ರೇನ್‌ಕೋಟಿಗೆ ತಂದು ಉಳಿದಿದ್ದ ನೀಲಿ ಬಟ್ಟೆಯಲ್ಲಿ ನಾನೇ ಟೆಂಟು ಕತ್ತರಿಸಿದೆ, ಇಬ್ಬರೂ ಕೂತು ಹೊಲಿದೆವು. ಮಿಕ್ಕ ತುಂಡಿನಲ್ಲಿ ತಂಗಿ ಸದ್ದಿಲ್ಲದೆ ಅವನಿಗೊಂದು ರೇನ್‌ಕೋಟು ಹೊಲಿದಿದ್ದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರಂತೆ," ಎಂದು ಚುಚ್ಚಿದೆ.

"ಹೊಲಿಯೋದು ನಮ್ಮ ಕಸುಬಲ್ವಾ ಅಕ್ಕ," ಎಂದಳು ಅವಳು, ನೂಲು ಹಲ್ಲಿನಲ್ಲಿ ಕಡಿಯುತ್ತ.

ಕೆರೆಯ ದಡ ಸೇರುವಾಗ ಮಧ್ಯಾಹ್ನ ಎರಡು ಗಂಟೆ. ಕಾರನ್ನು ಮೇಲೆ ರಸ್ತೆಯ ಬದಿಗೆ ನಿಲ್ಲಿಸಿ ಸಾಮಾನು ಹೊತ್ತು ಇಳಿದೆವು. ನಾನು ದೊಡ್ಡ ಮರದ ಕೆಳಗೆ ಜಾಗ ತೋರಿಸಿದೆ. ಗಡಿಯಾರದವನು ಮರ ನೋಡಿದ, ಆಕಾಶ ನೋಡಿದ, ಆಮೇಲೆ ನೆಲ ನೋಡಿದ. ನನಗೆ ತಾಳ್ಮೆ ತಪ್ಪುವ ಹೊತ್ತಿಗೆ ಬಾಯಿ ಬಿಟ್ಟ.

"ಗಾಳಿ ತಿರುಗ್ತಾ ಇದೆ. ಮರ ಬಿಟ್ಟು ಆಚೆ ಹಾಕಿದ್ರೆ ವಾಸಿ."

"ನೆರಳು ಬೇಡ್ವಾ?" ಎಂದೆ.

"ಬೇಕು," ಎಂದ. ಎಂದವನು ಟೆಂಟನ್ನು ಎತ್ತಿಕೊಂಡು ಬಯಲಿಗೇ ಹೋದ. ಎದುರು ಮಾತಾಡಿದ್ದರೆ ಜಗಳಕ್ಕೊಂದು ದಾರಿ ಇರುತ್ತಿತ್ತು. ಈ ಮನುಷ್ಯ ಹೌದು ಎಂದುಕೊಂಡೇ ತನ್ನ ಕೆಲಸ ಮಾಡುವವನು. ಗೂಟ ಹೊಡೆಯುವಾಗಲೂ ಅಷ್ಟೇ, ಪ್ರತಿಯೊಂದಕ್ಕೂ ಒಂದು ಹೊಡೆತ, ಒಂದು ಯೋಚನೆ. ನಾನು ಬಿಸಿಲಲ್ಲಿ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತ, ಈ ಲೆಕ್ಕದಲ್ಲಿ ಅವಳ ಮದುವೆ ಮುಗಿಯಲು ಮೂರು ವರ್ಷ ಬೇಕು ಎಂದುಕೊಂಡೆ.

ನಾಲ್ಕು ಗಂಟೆಗೆ ಕೆರೆಯ ಆಚೆ ದಡ ಕಾಣದಂತಾಯಿತು. ಮೊದಲು ಗಾಳಿ ಬಂತು, ಹಿಂದೆಯೇ ಆಲಿಕಲ್ಲು. ತಂಗಿ ನನ್ನನ್ನು ಟೆಂಟಿನೊಳಗೆ ದಬ್ಬಿ ತಾನೂ ನುಗ್ಗಿದಳು. ಗಡಿಯಾರದವನು ಹೊರಗೆ ಹಗ್ಗ ಬಿಗಿಯುತ್ತಿದ್ದ. ಆಗಲೇ ಒಂದು ಭಾರೀ ಸದ್ದು. ಬಾಗಿಲ ಸಂದಿಯಿಂದ ನೋಡಿದರೆ, ನಾನು ಆರಿಸಿದ್ದ ಜಾಗದಲ್ಲಿ ತೊಲೆಯಷ್ಟು ದಪ್ಪದ ಕೊಂಬೆ ಮುರಿದು ಬಿದ್ದಿತ್ತು. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಕಾಕತಾಳೀಯ," ಎಂದೆ. ತಂಗಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅಷ್ಟರಲ್ಲಿ ಕೆರೆಯ ಕಡೆಯ ಗೋಡೆ ಪರಪರ ಎಂದಿತು. ಒಂದು ಮೊಳದಷ್ಟು ಹೊಲಿಗೆ ಬಿಟ್ಟು, ಬಟ್ಟೆ ಹೊರಕ್ಕೆ ಬಡಿಯತೊಡಗಿತು. ಅದು ನಾನು ಹೊಲಿದ ಬದಿ. ಈ ಮಾತನ್ನು ಇವತ್ತಿನವರೆಗೂ ಒಪ್ಪಿಕೊಂಡಿರಲಿಲ್ಲ.

ಸೂಜಿಯಿಲ್ಲದೆ ನಾನು ಮನೆ ಬಿಡುವವಳಲ್ಲ. ದಪ್ಪ ಸೂಜಿಗೆ ನಾಲ್ಕೆಳೆ ನೂಲು ಪೋಣಿಸಿ, ಹೊರಗಿದ್ದವನಿಗೆ ಕೂಗಿದೆ. "ಎರಡೂ ಅಂಚು ಸೇರಿಸಿ ಗಟ್ಟಿಯಾಗಿ ಹಿಡ್ಕೊಳ್ಳಿ. ನಾನು ಒಳಗಿಂದ ಹಾಕ್ತೀನಿ. ಅಲ್ಲಾಡಬೇಡಿ."

ಅವನ ಮುಷ್ಟಿ ಬಟ್ಟೆಯನ್ನು ಸೇರಿಸಿ ಹಿಡಿಯಿತು. ಒಳಗೆ ಮೋಡದ ಕತ್ತಲು. ಕಣ್ಣಿಗಿಂತ ಬೆರಳನ್ನೇ ನಂಬಿ ಹೊಲಿದೆ. ಎರಡು ಪದರ ಇರಬೇಕಾದಲ್ಲಿ ಮೂರು ಸಿಕ್ಕ ಹಾಗಾಯಿತು. ಮಡಿಕೆ ಬಿದ್ದಿರಬೇಕು, ಗಟ್ಟಿಯೇ ಆಯಿತು ಎಂದುಕೊಂಡು ಸೇರಿಸಿಯೇ ಹಾಕಿದೆ. ಕೊನೆಗೆ ಗಂಟು ಹಾಕಿ ಕೂಗಿದೆ. "ಆಯ್ತು. ನೀವಿನ್ನು ಹೋಗಿ ಕಾರಲ್ಲಿ ಕೂತ್ಕೊಳ್ಳಿ."

ಹೊರಗಿನಿಂದ ಏನೋ ಒಂದು ದನಿ ಬಂತು, ಸಿಡಿಲಿನಲ್ಲಿ ಮುಳುಗಿತು. ಹೋದ ಎಂದುಕೊಂಡೆವು.

ಮುಕ್ಕಾಲು ಗಂಟೆ ಮಳೆ ಬಡಿಯಿತು. ಉಳಿದ ಮೂರು ಗೋಡೆಗಳು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ಕೆರೆಯ ಕಡೆಯದು ಮಾತ್ರ ಒಂದಿಷ್ಟೂ ಅಲ್ಲಾಡಲಿಲ್ಲ.

"ನೋಡಿದ್ಯಾ ನನ್ನ ಹೊಲಿಗೆ?" ಎಂದೆ.

"ನೋಡಿದೆ ಅಕ್ಕ," ಎಂದಳು ತಂಗಿ. ಅವಳ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. ಇಬ್ಬರೂ ಒಂದೇ ಕಂಬಳಿಯೊಳಗೆ ಸೇರಿಕೊಂಡೆವು. ಫ್ಲಾಸ್ಕಿನ ಚಹಾ ಕುಡಿದೆವು. ಹಿಂದೊಮ್ಮೆ ನಾನು ಒಬ್ಬ ಹುಡುಗನ ಚಡ್ಡಿಗೆ ಎರಡೂ ಎಡಗಾಲು ಹೊಲಿದು, ತಪ್ಪೆಲ್ಲ ಹುಡುಗನ ಕಾಲಿನದೇ ಎಂದು ಅವನ ತಾಯಿಯ ಹತ್ತಿರ ವಾದಿಸಿದ್ದನ್ನು ಅವಳು ನೆನಪಿಸಿದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುನಗುತ್ತಲೇ ನನಗೆ ಅಳು ಬಂತು. ಯಾಕೆ ಬಂತೋ, ನಾನು ಅಳುವ ಹೆಂಗಸಲ್ಲ.

"ನೀನು ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದುಬಿಟ್ಟೆ. "ಆ ಮನುಷ್ಯನ ಮೇಲೆ ನಂಗೇನೂ ಕೋಪ ಇಲ್ಲ ಕಣೇ. ಬೆಳಿಗ್ಗೆ ಎದ್ದು ಅಷ್ಟು ದೊಡ್ಡ ಅಂಗಡೀಲಿ ಒಬ್ಬಳೇ ಕೂರೋದು ನೆನೆಸಿಕೊಂಡ್ರೆ ಭಯ ಆಗುತ್ತೆ. ಅಷ್ಟೇ. ಅದಕ್ಕೇ ಉಹೂಂ ಅನ್ನೋಣ ಅಂತ ಬಂದಿದ್ದೆ."

ಅವಳು ನನ್ನ ಕೈ ಹಿಡಿದುಕೊಂಡಳು. ಹೇಳಿದ ಮೇಲೆ ನನಗೂ ಹಗುರವಾಯಿತು, ಆದರೆ ಉಹೂಂ ಎನ್ನುವುದು ಇನ್ನೂ ನಾಲಿಗೆಯ ಮೇಲೆಯೇ ಇತ್ತು.

ಮಳೆ ಹನಿಗೆ ಇಳಿಯಿತು. ಮೋಡದ ಸಂದಿಯಿಂದ ಸಂಜೆಯ ಬಿಸಿಲು ಬಿತ್ತು. ನಾನೇ ಮೊದಲು ಹೊರಗೆ ಬಂದು, ನನ್ನ ಹೊಲಿಗೆ ಹೊರಗಿನಿಂದ ಹೇಗೆ ಕಾಣುತ್ತದೆ ನೋಡೋಣ ಎಂದು ಕೆರೆಯ ಕಡೆಗೆ ಸುತ್ತಿ ಹೋದೆ.

ಅಲ್ಲಿ ಗಡಿಯಾರದವನು ನಿಂತಿದ್ದ. ಕಾರಿಗೆ ಹೋಗಿರಲೇ ಇಲ್ಲ. ಅವನ ರೇನ್‌ಕೋಟಿನ ಬಲತೋಳನ್ನು ನಾನು ನೀಟಾಗಿ, ಒತ್ತೊತ್ತಾಗಿ, ಟೆಂಟಿಗೆ ಸೇರಿಸಿ ಹೊಲಿದಿದ್ದೆ. ಅದೇ ನೀಲಿ, ಅದೇ ಬಟ್ಟೆ. ಮೂವತ್ತು ವರ್ಷ ಸೂಜಿ ಹಿಡಿದ ಬೆರಳಿಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಟೋಪಿಯಿಂದ ನೀರು ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಯ್ಯೋ, ಕೋಟು ಬಿಚ್ಚಿಟ್ಟು ಹೋಗಬಾರದಿತ್ತಾ ನೀವು?" ಎಂದೆ.

ಅವನು ಯೋಚಿಸಿದ. ನಾನು ಕಾದೆ, ಬೇರೆ ದಾರಿಯಿರಲಿಲ್ಲ.

"ಹೋಗಬಹುದಿತ್ತು," ಎಂದ. "ಈ ಕಡೆ ಗೂಟ ಎರಡೂ ಕಿತ್ತು ಹೋದ್ವು." ಕಾಲ ಕೆಳಗೆ ತೋರಿಸಿದ. ಎರಡು ಹಗ್ಗವನ್ನೂ ಬೂಟಿನಡಿ ಮೆಟ್ಟಿಕೊಂಡು, ಬೆನ್ನನ್ನು ಗಾಳಿಗೆ ಕೊಟ್ಟು, ಗೋಡೆಗೆ ಎರಡೂ ಕೈ ಊರಿ ನಿಂತಿದ್ದ. ಕುಣಿಯದೆ ನಿಂತದ್ದು ನನ್ನ ಹೊಲಿಗೆಯಿಂದಲ್ಲ.

"ಕೂಗೋದಲ್ವಾ?"

"ಎರಡು ಸಲ ಕೂಗಿದೆ. ಆಮೇಲೆ ನೀವಿಬ್ರೂ ನಗೋಕೆ ಶುರು ಮಾಡಿದ್ರಿ." ಎಡಗೈಯಿಂದ ಮೂಗಿನ ನೀರು ಒರೆಸಿಕೊಂಡ. "ಆಮೇಲೆ ನೀವು ಅತ್ರಿ. ಆಗ ಕೂಗೋದು ಸರಿ ಅನ್ನಿಸಲಿಲ್ಲ."

ನಾನು ನಾಲಿಗೆ ಕಚ್ಚಿಕೊಂಡೆ. ಒಂದು ಪದರ ಬಟ್ಟೆ ಅಷ್ಟೇ ಮಧ್ಯೆ ಇದ್ದದ್ದು. ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಾನು ಉಹೂಂ ಎನ್ನಲೆಂದೇ ಬಂದವಳು ಎನ್ನುವುದನ್ನೂ ಕೇಳಿಸಿಕೊಂಡು, ಆ ಕಾಲನ್ನು ಹಗ್ಗದ ಮೇಲಿಂದ ತೆಗೆಯದೆ ನಿಂತಿದ್ದ. ನನಗಾದ ನಾಚಿಕೆ ಇಷ್ಟು ಅಷ್ಟು ಎನ್ನುವಂತಿರಲಿಲ್ಲ. ತಂಗಿ ಹಿಂದೆ ಬಂದು ನಿಂತದ್ದು ಗೊತ್ತಾಯಿತು.

"ಒಂದು ಮಾತು ಹೇಳ್ಲಾ?" ಎಂದ ಅವನು. "ನೀವು ಅಂಗಡಿ ತೆಗೆಯೋದು ಒಂಬತ್ತಕ್ಕೆ. ಇವಳು ಎಂಟೂ ಮುಕ್ಕಾಲಿಗೆ ಅಲ್ಲಿರ್ತಾಳೆ, ದಿನಾ. ಕರ್ಕೊಂಡು ಬರೋದು ನನ್ನ ಜವಾಬ್ದಾರಿ. ಜಗಳ ಒಂಬತ್ತಕ್ಕೇ ಶುರು ಮಾಡಬಹುದು."

ಅಷ್ಟುದ್ದದ ಮಾತು ಅವನ ಬಾಯಿಂದ ನಾನು ಅದೇ ಮೊದಲು ಕೇಳಿದ್ದು. ಮುಕ್ಕಾಲು ಗಂಟೆಯ ಮಳೆಯಲ್ಲಿ ನಿಂತು ಜೋಡಿಸಿಕೊಂಡಿದ್ದಿರಬೇಕು.

ನಾನು ಬಗ್ಗಿ, ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಬೇಕೆಂದೇ ನಿಧಾನ ಮಾಡಿದೆ, ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಕೊನೆಯ ಎಳೆ ಬಿಟ್ಟು ತೋಳು ಬಿಡುಗಡೆಯಾದಾಗ ಅವನ ಬೆರಳು ಹಿಮದಂತೆ ತಣ್ಣಗಿದ್ದವು.

"ಅಕ್ಕ," ಎಂದಳು ತಂಗಿ ಹಿಂದಿನಿಂದ, ಮೆಲ್ಲಗೆ. "ಏನಂತೀಯಾ?"

ಒಳಗೆ ಬನ್ನಿ, ಚಹಾ ಇನ್ನೂ ಬಿಸಿಯಿದೆ ಎಂದು ಅವನಿಗೆ ಮರ್ಯಾದೆಯಿಂದ ಹೇಳಬೇಕೆಂದಿದ್ದೆ.

"ಒಳಗೆ ಬಾರೋ," ಎಂದೆ. "ಪೂರ್ತಿ ನೆಂದಿದ್ದೀಯಾ."

ಹೂಂ ಕೇಳಿಸಿದವಳ ಹಾಗೆ ತಂಗಿ ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟಳು.