ಎರಡನೆಯ ಬೆರಳು

ರಾಜೀನಾಮೆ ಪತ್ರದ ಕೆಳಗೆ ರುದ್ರೇಶ ಒಂದು ಚೌಕ ಹಾಕಿಸಿ, ಅದರೊಳಗೆ ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಟೈಪ್ ಮಾಡಿಸಿದ್ದ. ಭರಮವ್ವನಿಗೆ ಸಹಿ ಮಾಡಲು ಬರುತ್ತದೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಹಿಳಾ ಬೀಜ ಬೆಳೆಗಾರರ ಸಂಘಕ್ಕೆ ಅವಳು ಅಧ್ಯಕ್ಷೆಯಾಗಿ ಮೂರು ವರ್ಷವಾಗಿತ್ತು. ಕಾಗದಕ್ಕೆಲ್ಲ ಅವಳು ಸಹಿ ಹಾಕುವುದು, ಕಾರ್ಯದರ್ಶಿಯಾದ ಅವನು ಕೆಳಗೆ ಸೀಲು ಹೊಡೆಯುವುದು ನಡೆದೇ ಬಂದಿತ್ತು. ಹೆಬ್ಬೆಟ್ಟು ಒತ್ತುವುದನ್ನು ತನ್ನ ತಲೆಮಾರಿಗೇ ನಿಲ್ಲಿಸಬೇಕೆಂಬ ಒಂದೇ ಹಟಕ್ಕೆ ಅವಳು ನಲವತ್ತನೆಯ ವಯಸ್ಸಿನಲ್ಲಿ ಅಕ್ಷರ ಕಲಿತವಳು. ಆ ಹಟ ಗೊತ್ತಿದ್ದೇ ಅವನು ಚೌಕ ಹಾಕಿಸಿದ್ದ. ಇಂಥ ಸಣ್ಣ ಬುದ್ಧಿಗೆ ದೊಡ್ಡ ಓದು ಬೇಕಾಗುವುದಿಲ್ಲ, ಆದರೂ ಅವನು ಡಿಗ್ರಿ ಮುಗಿಸಿದ್ದ.

ಪತ್ರದ ಜೊತೆ ಇನ್ನೊಂದು ಹಾಳೆಯಿತ್ತು. ಜಗಳದ ಮೂಲವೇ ಆ ಹಾಳೆ. ಸಂಘದ ಆಫೀಸಿನಲ್ಲಿ ಒಂದು ಫೋನು, ಫೋನಿನಲ್ಲಿ ಪಾಸ್‌ವರ್ಡುಗಳನ್ನೆಲ್ಲ ಭದ್ರವಾಗಿಡುವ ಒಂದು ಆ್ಯಪು. ಹೆಂಗಸರು ಅದಕ್ಕೆ ಕೀಲಿ ಡಬ್ಬಿ ಎಂದು ಹೆಸರಿಟ್ಟಿದ್ದರು. ಯಾರ ಹೊಲದ ಬೆಂಡಿಕಾಯಿ ಬೀಜಕ್ಕೆ ಯೋಗ್ಯ ಎಂದು ಸರಕಾರದ ಪೋರ್ಟಲಿನಲ್ಲಿ ದಾಖಲಿಸುವ ಪಾಸ್‌ವರ್ಡು ಅದರೊಳಗೇ ಇತ್ತು. ಡಬ್ಬಿ ತೆರೆಯಲು ಎರಡೇ ದಾರಿ. ಒಂದು ಭರಮವ್ವ ಮಾತ್ರ ಬಲ್ಲ ಉದ್ದನೆಯ ಪಾಸ್‌ವರ್ಡು, ಇನ್ನೊಂದು ಅವಳ ಬೆರಳು. ಬುಧವಾರ ಮಧ್ಯಾಹ್ನ ಅವಳು ಹೊಲದಿಂದ ಬಂದು ಬೆರಳಿಟ್ಟರೆ ಡಬ್ಬಿ ತೆರೆಯಲಿಲ್ಲ. ಇಪ್ಪತ್ತನಾಲ್ಕು ತಾಸು ಕಾಯಿರಿ ಎಂದಿತು. ಸಂಜೆಯೊಳಗೆ ರುದ್ರೇಶ ಆ ಡಬ್ಬಿಯ ಲಾಗನ್ನು, ಅಂದರೆ ಯಾರು ಯಾವಾಗ ತೆರೆಯಲು ಬಂದರೆಂದು, ಮುಚ್ಚಿದ್ದಾಗಲೂ ಕಾಣುವಂತೆ, ಅದು ತಾನೇ ಬರೆದುಕೊಳ್ಳುವ ಪಟ್ಟಿಯನ್ನು, ಪ್ರಿಂಟ್ ತೆಗೆದ. ಬೆಳಿಗ್ಗೆ ಹನ್ನೊಂದೂ ನಲವತ್ತರ ಸುಮಾರಿಗೆ, ಭರಮವ್ವನ ಹೆಸರಿನ ಮುಂದೆ, ತಪ್ಪು ಪಾಸ್‌ವರ್ಡು ಏಳು ಸಲ.

ಅಧ್ಯಕ್ಷರಿಗೆ ಮರೆವು ಬಂದಿದೆ, ನೋಂದಣಿಗೆ ಶನಿವಾರವೇ ಕೊನೆ, ಅಷ್ಟೂ ಜನರ ಬೆಳೆ ಇವರ ಕೈಯಲ್ಲಿ ಹಾಳಾಗುತ್ತದೆ ಎಂದು ಅವನು ಮನೆಮನೆಗೆ ಹೇಳಿ ಬಂದ. ಗುರುವಾರ ಹತ್ತಕ್ಕೆ ಮೀಟಿಂಗು. ಉಪಾಧ್ಯಕ್ಷೆ ಅನ್ನವ್ವನವರು ಅಧ್ಯಕ್ಷರಾಗುವುದು, ಭರಮವ್ವ ಹೆಬ್ಬೆಟ್ಟು ಒತ್ತಿ ಎದ್ದು ಹೋಗುವುದು ಎಂಬುದು ಅವನ ಲೆಕ್ಕ. ಅನ್ನವ್ವ ಊರಿನ ಹಳೇ ಜಮೀನುದಾರ ಮನೆತನದ ಸೊಸೆ. ಹೋದ ತಿಂಗಳು ಅವಳ ಮೈದುನನ ಹೊಲವನ್ನು, ಪಕ್ಕದ ಬೆಂಡಿ ಹೊಲಕ್ಕೆ ತೀರ ಹತ್ತಿರವಿದೆ, ಬೀಜ ಬೆರಕೆಯಾಗುತ್ತದೆ ಎಂದು ಭರಮವ್ವ ನೋಂದಣಿಯ ಪಟ್ಟಿಯಿಂದ ತೆಗೆದಿದ್ದಳು. ಅಂದಿನಿಂದ ಆ ಮನೆಯವರು ಅವಳೊಡನೆ ಮಾತು ಬಿಟ್ಟಿದ್ದರು.

ಹನ್ನೊಂದೂ ನಲವತ್ತಕ್ಕೆ ಭರಮವ್ವ ತನ್ನ ಹೊಲದಲ್ಲಿ ಒಬ್ಬಳೇ ಇದ್ದಳು. ಸಾಕ್ಷಿ ಹೇಳಬೇಕೆಂದರೆ ಬೆಂಡಿ ಗಿಡಗಳೇ ಬರಬೇಕು. ಮನೆಯ ಕಟ್ಟೆಯ ಮೇಲೆ ಕುಳಿತು ಅವಳು ಆ ಹಾಳೆಯನ್ನು ಬಿಡಿಸಿದಳು. ಓದು ಬಂದವರೆಲ್ಲ ಆ ಹಾಳೆಯಲ್ಲಿ ಏಳು ತಪ್ಪುಗಳನ್ನು ಎಣಿಸಿ ಕೆಳಗಿಟ್ಟಿದ್ದರು. ಭರಮವ್ವನಿಗೆ ಹಾಗೆ ಹಾರಿಸಿ ಓದಲು ಬರುವುದಿಲ್ಲ. ಅವಳು ಮೊದಲನೆಯ ಸಾಲಿನ ಮೊದಲನೆಯ ಅಕ್ಷರಕ್ಕೆ ಬೆರಳಿಟ್ಟು ಶುರು ಮಾಡುವವಳು, ಇಂಗ್ಲಿಷಾದರೆ ಇನ್ನೂ ನಿಧಾನ. ಏಳು ತಪ್ಪುಗಳ ಮೇಲೆ, ಹನ್ನೊಂದೂ ಮೂವತ್ತೆಂಟಕ್ಕೆ, ಬೇರೆ ಥರದ ಒಂದು ಸಾಲಿತ್ತು. ‘ಬಯೋಮೆಟ್ರಿಕ್ ಕೀ ಇನ್‌ವ್ಯಾಲಿಡ್, ಎನ್‌ರೋಲ್‌ಮೆಂಟ್ ಚೇಂಜ್ಡ್.’ ತಪ್ಪು ಪಾಸ್‌ವರ್ಡಿಗಿಂತ ಮೊದಲೇ ಏನೋ ಆಗಿದೆ ಎಂಬಷ್ಟು ಅವಳಿಗೆ ತಿಳಿಯಿತು. ಅದೇನೆಂದು ತಿಳಿಯಲಿಲ್ಲ.

ತಂಗಿಯ ಮಗಳು ಸಮತಾ ರಟ್ಟೀಹಳ್ಳಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಡಬ್ಬಿಯನ್ನು ಫೋನಿಗೆ ಹಾಕಿಕೊಟ್ಟವಳೂ ಅವಳೇ. ಭರಮವ್ವ ಹಾಳೆಯ ಫೋಟೋ ಕಳಿಸಿ ಅವಳಿಗೆ ಫೋನು ಹಚ್ಚಿದಳು.

“ದೊಡ್ಡವ್ವ, ಈ ಸಾಲು ಸುಮ್ಮಸುಮ್ಮನ ಬರಂಗಿಲ್ಲ,” ಎಂದಳು ಸಮತಾ. “ಫೋನಿನ್ಯಾಗ ಹೊಸಾ ಬೆರಳು ಸೇರಿಸಿದ್ರ ಬರ್ತೈತಿ. ಹೊಸಾ ಬೆರಳು ಬಂತಂದ್ರ ಡಬ್ಬಿ ಯಾರ ಬೆರಳನ್ನೂ ನಂಬಂಗಿಲ್ಲ, ನಿಂದನ್ನೂ. ಪಾಸ್‌ವರ್ಡೇ ಬೇಕು ಅಂತೈತಿ. ನೀ ಏನರ ಸೇರಿಸಿದಿ?”

“ನನ್ನ ಹತ್ತು ಬೆರಳಿನ್ಯಾಗ ಒಂದನ್ನ ಸೇರಸಾಕ ನೀ ಅರ್ಧ ದಿನ ತಗೊಂಡಿ. ಹನ್ನೊಂದನೇದ್ದು ಎಲ್ಲಿಂದ ತರ್ಲಿ?”

ಆ ಅರ್ಧ ದಿನದ ಕಥೆ ಸಂಘದಲ್ಲಿ ಎಲ್ಲರಿಗೂ ಗೊತ್ತು. ಬೆಂಡಿಯ ಕ್ರಾಸಿಂಗ್, ಅಂದರೆ ಎರಡು ತಳಿ ಕೂಡಿಸುವ ಕೆಲಸ, ಮಾಡುವವರು ದಿನಾ ಸಂಜೆ ನೂರಾರು ಮೊಗ್ಗುಗಳ ಸಿಪ್ಪೆಯನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಳಗಿನ ಗಂಡು ಕೇಸರವನ್ನು ಕೆರೆದು ತೆಗೆಯಬೇಕು. ಬೆಂಡಿಯ ಸುಂಕಿಗೆ, ಅದರ ಮೈಮೇಲಿನ ಚುಚ್ಚುವ ಸಣ್ಣ ರೋಮಕ್ಕೆ, ಚರ್ಮ ಸವೆದು ಬೆರಳಿನ ಗೆರೆಗಳೇ ಅಳಿಸಿರುತ್ತವೆ. ಭರಮವ್ವನ ಹೆಬ್ಬೆರಳು, ತೋರುಬೆರಳು, ನಡುಬೆರಳು, ಯಾವುದನ್ನೂ ಫೋನು ಬೆರಳೆಂದೇ ಒಪ್ಪಲಿಲ್ಲ. ಕೊನೆಗೆ ಕೆಲಸಕ್ಕೆ ಬಾರದ ಎಡಗೈ ಕಿರುಬೆರಳು ಒಂದು ನಡೆಯಿತು. ಅದನ್ನು ನೆನೆದ ಭರಮವ್ವ, ಆ ಹೊಸ ಬೆರಳು ಯಾರದೆಂದು ನೋಡಲು ಬರುತ್ತದೆಯೇ ಎಂದು ಕೇಳಿದಳು. ಸಮತಾ ಹೇಗೆಂದು ಹೇಳಿಕೊಟ್ಟಳು. ಭರಮವ್ವ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಮರುದಿನ ಆಫೀಸಿನ ಜಮಖಾನೆಯ ಮೇಲೆ ಭರಮವ್ವ, ಅನ್ನವ್ವ ಸೇರಿ ಹನ್ನೊಂದು ಮಂದಿ ನಿರ್ದೇಶಕಿಯರು ಕುಳಿತಿದ್ದರು. ರುದ್ರೇಶ ಪತ್ರ ಇಟ್ಟ, ಪಕ್ಕದಲ್ಲಿ ನೀಲಿ ಶಾಯಿಯ ಪ್ಯಾಡು ಇಟ್ಟು ಮುಚ್ಚಳವನ್ನೂ ತೆಗೆದ. ಏಳು ತಪ್ಪುಗಳನ್ನು ಗಟ್ಟಿಯಾಗಿ ಓದಿದ. ಭರಮವ್ವ ಪೂರ್ತಿ ಕೇಳಿಸಿಕೊಂಡು, ಏಳರ ಮೇಲೊಂದು ಸಾಲಿದೆ, ಅದನ್ನೂ ಓದು ಎಂದಳು. ಅದು ಏನೋ ಟೆಕ್ನಿಕಲ್, ಅದಕ್ಕೆ ಅರ್ಥ ಇರುವುದಿಲ್ಲ ಎಂದ. ಇದೆ ಎಂದು ಭರಮವ್ವ ಸಮತಾ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಫೋನು ಯಾರದೋ ಬೆರಳನ್ನು ಒಳಗೆ ಬಿಟ್ಟುಕೊಂಡಿದೆ, ಡಬ್ಬಿ ಮಾತ್ರ ಬಿಟ್ಟುಕೊಂಡಿಲ್ಲ, ಅದಕ್ಕೇ ಆ ಏಳು ಊಹೆ. ಫೋನಿನ ಸೆಟಿಂಗ್ ತೆರೆದು ಎಲ್ಲರ ಮುಂದೆ ಹಿಡಿದಳು. ‘ಬೆರಳು ೧’, ‘ಬೆರಳು ೨’ ಎಂದು ಎರಡು ಹೆಸರಿದ್ದವು. ತನ್ನ ಕಿರುಬೆರಳು ಇಟ್ಟಳು, ಮೊದಲನೆಯ ಹೆಸರು ಮಿಂಚಿತು.

“ರಾಜೀನಾಮೆ ಆಮ್ಯಾಲೆ ನೋಡೋಣು. ಮೊದಲ ಎಲ್ಲಾರೂ ಬೆರಳಿಡ್ರಿ.”

ನಿರ್ದೇಶಕಿಯರಲ್ಲಿ ದಾವಲಬಿ ನಗುತ್ತ ಮೊದಲು ಇಟ್ಟಳು. ಫೋನು ಗುರುತಿಸುವುದಿರಲಿ, ಸರಿಯಾಗಿ ಒತ್ತಿರಿ ಎಂದು ಅವಳನ್ನೇ ಬೈಯಿತು. ಹೀಗೆ ಒಬ್ಬೊಬ್ಬರಾಗಿ ಒಂಬತ್ತು ಮಂದಿ, ಒಂಬತ್ತೂ ಸವೆದ ಬೆರಳು. ಜಮಖಾನೆಯ ಮೇಲೆ ಬೆರಳಿನ ಗೆರೆ ಉಳಿದಿದ್ದ ಕೈ ಇನ್ನೆರಡೇ ಜೋಡಿ, ರುದ್ರೇಶನದು ಮತ್ತು ಅನ್ನವ್ವನದು ಎಂದು ಆಗ ಎಲ್ಲರಿಗೂ ಕಂಡಿತು. ರುದ್ರೇಶ ತಾನೇ ಮುಂದೆ ಬಂದು ಹತ್ತೂ ಬೆರಳಿಟ್ಟ. ಎರಡನೆಯ ಹೆಸರು ಮಿಂಚಲಿಲ್ಲ. ಅವನು ನಕ್ಕ. ನಕ್ಕವನು ಅನ್ನವ್ವನ ಕಡೆ ಕಣ್ಣು ಹಾಯಿಸಬಾರದಿತ್ತು, ಹಾಯಿಸಿದ.

ಭರಮವ್ವ ಫೋನನ್ನು ಅನ್ನವ್ವನ ಮುಂದೆ ಸರಿಸಿದಳು.

“ನಮ್ಮ ಮನಿತನದಾಗ ಇವತ್ತಿನತನಕ ಯಾರೂ ಹೆಬ್ಬೆಟ್ಟು ಒತ್ತಿಲ್ಲ,” ಎಂದಳು ಅನ್ನವ್ವ. “ನೀ ಹೇಳಿದಿ ಅಂತ ನಾ ಒತ್ತಬೇಕೇನು?”

“ಖರೇ ಐತ್ರಿ ಅಕ್ಕಾರ. ಒತ್ತಿದವ್ರು ನಮ್ಮವ್ರು, ಒತ್ತಿಸ್ಕೊಂಡವ್ರು ನಿಮ್ಮವ್ರು. ನಮ್ಮಪ್ಪ ಏನ ಬರದೈತಿ ಅಂತ ಗೊತ್ತಿಲ್ದ ನಿಮ್ಮ ಮಾವನ ಮುಂದ ಒತ್ತಿದ. ನಿಮಗ ಏನೈತಿ ಅಂತ ಗೊತ್ತೈತಿ. ಒತ್ರಿ.”

ಅನ್ನವ್ವನ ಬಲಗೈ ಮೆಲ್ಲಗೆ ಸೆರಗಿನೊಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಭರಮವ್ವ ಒತ್ತಾಯ ಮಾಡಲಿಲ್ಲ. ಗೋಡೆಯ ಗಡಿಯಾರ ಹನ್ನೊಂದೂ ನಲವತ್ತೈದು ದಾಟಿ, ಏಳನೆಯ ತಪ್ಪಿನಿಂದ ಇಪ್ಪತ್ತನಾಲ್ಕು ತಾಸು ತುಂಬುವವರೆಗೆ ಹಾಗೇ ಕುಳಿತಳು, ಆ ಸೆರಗನ್ನು ಮಂದಿ ನೋಡಲಿ ಎಂದು. ಆಮೇಲೆ ಫೋನು ಎತ್ತಿಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿದಳು. ಆ ಪಾಸ್‌ವರ್ಡು ಏನೆಂದು ಇಲ್ಲಿ ಬರೆಯುವಂತಿಲ್ಲ, ಬರೆದರೆ ಅವಳು ಸುಮ್ಮನೆ ಬಿಡುವವಳಲ್ಲ. ಒಂದೇ ಸಲಕ್ಕೆ ಡಬ್ಬಿ ತೆರೆಯಿತು.

ಸಭೆಯ ನಿರ್ಣಯ ಬರೆಯುವ ಠರಾವು ಪುಸ್ತಕ ತೆಗೆಯಲು ರುದ್ರೇಶನಿಗೆ ಹೇಳಿದಳು. ಎರಡನೆಯ ಬೆರಳು ಯಾರದೆಂದು ಬರೆಯಬೇಡ, ನಮಗೆ ಪುರಾವೆ ಇಲ್ಲ. ಉಳಿದವರೆಲ್ಲ ಬೆರಳಿಟ್ಟರು, ಉಪಾಧ್ಯಕ್ಷರು ಇಡಲಿಲ್ಲ ಎಂದಷ್ಟೇ ಬರೆ. ಹೊಸ ಬೆರಳು ಸೇರಿಸಲು ಫೋನು ಕೇಳುವ ಗುಟ್ಟಿನ ಪಿನ್ ನಂಬರು ಅಧ್ಯಕ್ಷರಿಗೆ ಮತ್ತು ಕಾರ್ಯದರ್ಶಿಗೆ ಇಬ್ಬರಿಗೇ ಗೊತ್ತಿತ್ತು ಎಂದೂ ಬರೆ. ಅವನು ತನ್ನ ಕೈಯಾರೆ ಅದನ್ನು ಬರೆದ. ಒಂಬತ್ತು ಮಂದಿ ಕೆಳಗೆ ಸಹಿ ಹಾಕಿದರು. ಕೊನೆಗೆ ಭರಮವ್ವ ಪೆನ್ನು ಹಿಡಿದು ತನ್ನ ಹೆಸರನ್ನು ದಪ್ಪಗೆ, ಅವಸರವಿಲ್ಲದೆ ಬರೆದಳು.

“ಆ ಪ್ಯಾಡ್ ಮುಚ್ಚಿಡ್ರಿ ರುದ್ರೇಶ,” ಎಂದಳು, “ಒಣಗಿ ಹೋದೀತು.”