ಗಳದ ಮೇಲಿನ ಎರಡನೆಯ ಸೀರೆ

ಅತನೂರಿನ ಪಾಠಶಾಲೆಯಲ್ಲಿ ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ನಾನು ಮಡಿಯಲ್ಲಿರುತ್ತಿದ್ದೆ. ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಗಳದ ಮೇಲೆ ಒಣಗಿದ ಕೆಂಪು ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟೆನೆಂದರೆ, ಎಲ್ಲರ ಊಟ ಮುಗಿಯುವ ತನಕ ಹುಡುಗರು ನನ್ನನ್ನು ಕಂಡು ಗೋಡೆಗೆ ಸರಿದು ನಿಲ್ಲುತ್ತಿದ್ದರು. ಊಟ ಮುಗಿದ ಮೇಲೂ ಅದೇ ರೂಢಿಯಾಗಿ ಸರಿಯುತ್ತಿದ್ದರು.

ಪಾಠಶಾಲೆ ನನ್ನ ಸೋದರಮಾವ ಪಾಂಡುರಂಗಾಚಾರ್ಯರದು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಗಂಡ ತೀರಿಕೊಂಡ. ಅವನ ಮುಖ ನನಗೆ ನೆನಪಿಲ್ಲ. ಶಾಲೆ ಬಿಡಿಸಿದರು, ದೊಡ್ಡವಳಾದ ಮೇಲೆ ತಲೆ ಬೋಳಿಸಿ ಇಲ್ಲಿಗೆ ಕಳಿಸಿದರು. ಹುಡುಗರು ಪಡಸಾಲೆಯಲ್ಲಿ ವೇದ ಹೇಳುವಾಗ ನಾನು ಒಳಗೆ ತೊಗರಿಬೇಳೆ ಬೇಯಿಸುತ್ತಿದ್ದೆ. ಯಾರ ದನಿ ಎಲ್ಲಿ ತಪ್ಪುತ್ತದೆಂದು ಗೊತ್ತಾಗುತ್ತಿತ್ತು. ಹೇಳಲು ಯಾರೂ ಇರಲಿಲ್ಲ.

ನನ್ನೊಡನೆ ಮಾತಾಡುತ್ತಿದ್ದವಳು ಕುಲಸುಮಬಿ ಒಬ್ಬಳೇ. ಹಿತ್ತಲಿನ ಗೋಡೆಯ ಆಚೆ ಅವಳ ಮನೆ. ಅವಳ ಗಂಡ ಖಾದರಸಾಬ ಬಳೆ ಮಾರುತ್ತಿದ್ದ.

"ಏ ನರಮದಾ, ಉಂಡಿ ಏನಬೇ?" ಎಂದು ಗೋಡೆಯ ಮೇಲೆ ಗದ್ದ ಇಟ್ಟು ಕೇಳುವಳು. ನಾನು ತಲೆ ಆಡಿಸಿದರೆ, "ಮುಟ್ಟಿದ್ರ ಹೊಳ್ಳಿ ಜಳಕ ಮಾಡ್ತಿ, ಖರೆ. ಮಾತಾಡಿದ್ರೂ ಜಳಕ ಏನು? ಹಂಗಂದ್ರ ನಾ ಮಾತಾಡಿದಷ್ಟಕ್ಕ ನಿಮ್ಮ ಬಾವಿ ಬತ್ತತೈತಿ ನೋಡು!" ಎಂದು ನಗುವಳು.

ರಜಾಕಾರರ ಹಾವಳಿಯ ದಿನಗಳಲ್ಲಿ ಖಾದರಸಾಬ ನಮ್ಮ ಬಾಗಿಲಲ್ಲಿ ನಿಂತು, ಇಲ್ಲಿ ಹುಡುಗರು ಓದುತ್ತಾರೆ, ಬೇರೇನೂ ಇಲ್ಲ ಎಂದು ಅವರನ್ನು ಹಿಂದಕ್ಕೆ ಕಳಿಸಿದ್ದ. ಭಾದ್ರಪದದಲ್ಲಿ ನಿಜಾಮರ ಸರ್ಕಾರ ಬಿತ್ತು. ಈಗ ಬೇರೆ ಗುಂಪುಗಳು ಬೇರೆ ಬಾಗಿಲುಗಳನ್ನು, ಸಾಬರ ಬಾಗಿಲುಗಳನ್ನು, ಬಡಿಯತೊಡಗಿದವು. ಖಾದರಸಾಬ ಅಫಜಲಪುರಕ್ಕೆ ಹೋದವನು ಬಂದಿರಲಿಲ್ಲ.

ಪಿತೃಪಕ್ಷ ನಡೆದಿತ್ತು. ಮಾವ ತರ್ಪಣಕ್ಕೆಂದು ಹುಡುಗರನ್ನು ಕರೆದುಕೊಂಡು ಭೀಮಾ ನದಿಗೆ ಹೋಗಿದ್ದರು. ಅತ್ತೆ ತುಳಸಾಬಾಯಿ ದೇವರ ಮನೆಯಲ್ಲಿದ್ದಳು. ಹಿರಿಯ ವಿದ್ಯಾರ್ಥಿ ಶ್ರೀನಿವಾಸ ಮಾತ್ರ ಮುಂಬಾಗಿಲಲ್ಲಿ ದರ್ಭೆ ಹಸನು ಮಾಡುತ್ತಿದ್ದ. ಓಣಿಯ ತುದಿಯಲ್ಲಿ ಗದ್ದಲ ಕೇಳಿತು. ಕುಲಸುಮಬಿ ಗೋಡೆ ಹತ್ತಿ ಹಿತ್ತಲಿಗೆ ಬಿದ್ದಳು. ಮೊಣಕಾಲು ತರಚಿತ್ತು.

"ಬರಾಕತ್ತಾರ, ನರಮದಾ," ಎಂದಳು. ಆ ಹೊತ್ತು ಅವಳ ಮಾತಿನಲ್ಲಿ ನಗೆ ಇರಲಿಲ್ಲ.

ಗಳದ ಮೇಲೆ ನನ್ನ ಎರಡನೆಯ ಸೀರೆ ಇತ್ತು. ಕೋಲು ಹುಡುಕಲಿಲ್ಲ. ಕೈಯಿಂದಲೇ ಜಗ್ಗಿ ಅವಳ ಮೇಲೆ ಹಾಕಿದೆ. ಅವಳ ಬಳೆ ಒಡೆದೆ, ಸೆರಗನ್ನು ಮೂಗಿನವರೆಗೆ ಎಳೆದೆ, ಅಡಿಗೆಮನೆಯ ಒಲೆಯ ಮುಂದೆ ಕೂರಿಸಿದೆ.

ಗುಂಪು ಹಿತ್ತಲು ಹಾದು ಅಡಿಗೆಮನೆಗೇ ಬಂತು. ಶ್ರೀನಿವಾಸ ತಡೆಯುತ್ತ ಮುಂದೆ ಓಡಿಬಂದ. ಒಲೆಯ ಮುಂದೆ ಎರಡು ಕೆಂಪು ಸೀರೆ ಕಂಡು ನಿಂತುಬಿಟ್ಟ.

"ಯಾರ್ರೀ ಇವರು?" ಎಂದು ಗುಂಪಿನ ಮುಂದಾಳು ಕೇಳಿದ. ಬಡಿಗೆ ಹಿಡಿದಿದ್ದ. ಓಡಿ ಬಂದು ದಣಿದಿದ್ದ. "ನೀರರ ಕೊಡ್ರಿ ಮೊದಲ."

ಕುಲಸುಮಬಿ ಹುಟ್ಟಿದಂದಿನಿಂದ ನೀರು ಕೇಳಿದವರಿಗೆ ನೀರು ಕೊಟ್ಟವಳು. ಎದ್ದು, ತಂಬಿಗೆ ತುಂಬಿ, ನೇರವಾಗಿ ಅವನ ಕೈಗೇ ಚಾಚಿದಳು. ಮಡಿಯ ಹೆಂಗಸು ಸತ್ತರೂ ಹಾಗೆ ಮಾಡಳು. ತಂಬಿಗೆಯನ್ನು ನೆಲಕ್ಕಿಟ್ಟು ಹಿಂದೆ ಸರಿಯಬೇಕು. ಅವಳ ಉಗುರಿನ ಮೇಲೆ ಮದರಂಗಿ ಇತ್ತು.

"ಮುಟ್ಟಬ್ಯಾಡ್ರೀ! ಶ್ರಾದ್ಧದ ಮಡಿ!" ಎಂದು ಕೂಗಿದೆ. ಗಂಡಸರ ಎದುರು ನನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದು ನನಗೇ ಅಂಜಿಕೆ ತಂದಿತು.

ಅವನು ಕೈ ಸುಟ್ಟವನಂತೆ ಹಿಂದೆ ಜಿಗಿದ. ತಂಬಿಗೆ ಬಿತ್ತು. ನಾನು ಶ್ರೀನಿವಾಸನ ಮುಖ ನೋಡಿದೆ. ಅವನು ಆ ಉಗುರುಗಳನ್ನು ನೋಡುತ್ತಿದ್ದ.

"ನಮ್ಮ ಆಚಾರ್ಯರ ದೊಡ್ಡಕ್ಕ. ಶ್ರಾದ್ಧದ ಅಡಿಗಿಗೆ ಬಂದಾರ," ಎಂದ ಅವನು. "ವಯಸ್ಸಾಗೇದ, ನೆಪ್ಪಿರೂದಿಲ್ಲ. ಹೊಲಸು ಕಾಲಾಗ ಒಳಗ ಬಂದೀರಲ್ಲ, ನಿಮ್ಮ ಹಿರ್ಯಾರಿಗೆ ಯಾರು ಅನ್ನ ಹಾಕ್ಬೇಕು?"

"ತಪ್ಪಾತ್ರಿ," ಎಂದು ಮುಂದಾಳು ಗೊಣಗಿದ. ಹೊರಟುಹೋದರು.

ಮಾವ ಬಂದ ಕೂಡಲೇ ಶ್ರೀನಿವಾಸ ಎಲ್ಲ ಹೇಳಿದ. "ಜೀವಾ ಉಳಿಸಲಿಕ್ಕೆ ಸುಳ್ಳು ಹೇಳೀನ್ರಿ. ನಿಮ್ಮ ಮುಂದ ಹೇಳಲಾರೆ," ಎಂದ. ಮಾವ ಕುಲಸುಮಬಿಯನ್ನು ಬೈಯಲಿಲ್ಲ. ಓಣಿಯ ಮಾಳಿಂಗಪ್ಪನ ಬಂಡಿಗೆ, ಒಳಗಿದ್ದವರು ಕಾಣದಂತೆ ಕೊಲ್ಲಾರಿಯ ಚಾವಣಿ ಕಟ್ಟಿಸಿ, ತಾವೇ ಮುಂದೆ ಕೂತು, ಅವಳನ್ನು ಅಫಜಲಪುರದಲ್ಲಿ ಗಂಡನ ಬಳಿ ಬಿಟ್ಟು ಬಂದರು. ಬಂಡಿ ಹತ್ತುವಾಗ ಅವಳು ನನ್ನ ಗಲ್ಲ ಸವರಿದಳು. ಅತ್ತೆ ಮುಖ ತಿರುಗಿಸಿದಳು.

ಮರುದಿನ ಮಾವ ನನ್ನನ್ನು ಕರೆದರು.

"ನೀ ಮಾಡಿದ್ದು ಛಲೋನೇ ಆತವಾ. ಆದ್ರ ಒಲಿ ಮೈಲಿಗಿ ಆಗೇದ. ಹುಡುಗರ ತಂದಿಗೋಳು ಕೇಳಿದ್ರ ನಾ ಏನು ಹೇಳ್ಲಿ? ಪಂಚಗವ್ಯ ತೊಗೊ. ಸಂಕಲ್ಪದಾಗ ನಾ ಮಾಡಿದ ಪಾಪದ ಪರಿಹಾರಕ್ಕ ಅಂತ ಅನ್ನು. ಮುಗೀತು. ಅಡಿಗಿಮನಿ ನಿಂದೇ."

ಮಣೆಯ ಮೇಲೆ ಕೂತೆ. ಪಂಚಗವ್ಯ ಕುಡಿದೆ. ಮಾವ ಒಂದೊಂದೇ ಮಾತು ಹೇಳಿಕೊಟ್ಟರು, ನಾನು ಅಂದೆ. ಆ ಮಾತು ಬಂದಾಗ ಬಾಯಿ ನಿಂತಿತು. ಅವರು ಮತ್ತೊಮ್ಮೆ ಹೇಳಿದರು.

"ಪಾಪ ಅನ್ನೂದಾಗಾಂಗಿಲ್ಲ ಮಾವಾ," ಎಂದೆ.

"ಬರೇ ಬಾಯಿಮಾತು, ಹುಚ್ಚಿ," ಎಂದಳು ಅತ್ತೆ ಬಾಗಿಲಿನಿಂದ. "ಅಂದು ಎದ್ದು ಬಾ. ನಾ ಒಬ್ಬಾಕಿ ಇಷ್ಟು ಮಂದಿಗೆ ಹ್ಯಾಂಗ ಬಡಿಸ್ಲಿ?"

ಬರೇ ಬಾಯಿಮಾತಾಗಿದ್ದರೆ ಮಾವ ಅದನ್ನು ಅಷ್ಟು ಕೇಳುತ್ತಿರಲಿಲ್ಲ. ಅವರಿಗೂ ಅದು ಗೊತ್ತಿತ್ತು. ಪಂಚಗವ್ಯದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಕಡೆ ನೋಡದೆ, "ಹಿತ್ತಲ ಕಡಿ ಕೊಟ್ಟಿಗಿ ಖಾಲಿ ಅದ," ಎಂದರು.

ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿದೆ. ಶ್ರೀನಿವಾಸ ಕಟ್ಟಿಗೆ ತಂದು ದೂರದಲ್ಲಿ ಇಟ್ಟು ಹೋದ. ಗೋಡೆಯಾಚೆಯ ಮನೆಗೆ ಕದವಿರಲಿಲ್ಲ, ಯಾರದೋ ಎಮ್ಮೆ ಕಟ್ಟಿತ್ತು. ಪಡಸಾಲೆಯಲ್ಲಿ ಪಾಠ ಶುರುವಾಯಿತು. ಇಲ್ಲಿಗೆ ದನಿ ಮಾತ್ರ ಕೇಳುತ್ತದೆ, ಅಕ್ಷರ ತಿಳಿಯುವುದಿಲ್ಲ.

ಜೋಳದ ಹಿಟ್ಟು ನಾದಿದೆ. ಒಬ್ಬಳಿಗೆ ಎಷ್ಟು ಹಿಟ್ಟು ಬೇಕೆಂದು ಕೈಗೆ ತಿಳಿಯಲಿಲ್ಲ. ಬಡಿದಷ್ಟೂ ಮುದ್ದೆ ಮುಗಿಯಲಿಲ್ಲ. ರೊಟ್ಟಿಯ ಮೇಲೆ ರೊಟ್ಟಿ ಏರಿತು. ಒಂದನ್ನು ತಿಂದು, ಉಳಿದವನ್ನು ಬಿಸಿಲಿಗೆ ಒಣಹಾಕಿ, ಕಾಗೆ ಬಾರದಂತೆ ಕಾಯುತ್ತ ಕೂತೆ.